ಪಶ್ಚಿಮದ ಅಂಗಳ, ಎರೆ ಮಣ್ಣು, ಸುಡುಬಿಸಿಲು: ಯಾವ ಹೂವಿನ ಗಿಡ ನೆಡಲಿ?

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ಒಂದಂತಸ್ತಿನ ಮನೆ, ಪಶ್ಚಿಮಕ್ಕೆ ಬಾಗಿಲು. ಮನೆಗೂ ಕಾಂಪೌಂಡಿಗೂ ನಡುವೆ 12 ಅಡಿ ಅಗಲ, 30 ಅಡಿ ಉದ್ದದ ಜಾಗ ಇದೆ. ಎರೆ ಮಣ್ಣು, ಬೋರ್‌ವೆಲ್ ನೀರು. ಪೂಜೆಗೆ ದಿನಾ ನಾಲ್ಕು ಹೂ ಮನೆಯಲ್ಲೇ ಸಿಗಲಿ ಎಂದು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ಕಳೆದ ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಆಸೆಯಾಗಿ ಪೆಟೂನಿಯಾ, ಸಾಲ್ವಿಯಾ ತಂದೆ. ಗುಲಾಬಿ, ಕನಕಾಂಬರ, ಕೇಪಳ ಕೂಡ ನೆಟ್ಟೆ. ಮನೆ ಗೋಡೆಯ ಪಕ್ಕ ತಂಪಿರುತ್ತದೆ ಎಂದು ನಾಜೂಕಿನ ಗಿಡಗಳನ್ನು ಅಲ್ಲೇ ಇಟ್ಟೆ. ಏಪ್ರಿಲ್ ಬರುವಷ್ಟರಲ್ಲಿ ಎಲ್ಲ ಸುಟ್ಟುಹೋದವು. ದಿನಕ್ಕೆ ಎರಡು ಸಲ ನೀರು ಹಾಕುತ್ತಿದ್ದೆ. ಮಧ್ಯಾಹ್ನ ನೀರು ಹಾಕಿದ್ದಕ್ಕೇ ಎಲೆ ಸುಟ್ಟಿತು ಎನ್ನುತ್ತಾರೆ ಅತ್ತೆ. ನರ್ಸರಿಯವರು ಎಲ್ಲವನ್ನೂ ‘ಫುಲ್ ಸನ್ ಗಿಡ’ ಎಂದೇ ಕೊಟ್ಟಿದ್ದರು. ಪಕ್ಕದವರು ಕಣಗಿಲೆ ನೆಡಿ, ಸಾಯುವುದೇ ಇಲ್ಲ ಅನ್ನುತ್ತಾರೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಒಂದು ದಾಸವಾಳ ಮಾತ್ರ ಉಳಿದಿದೆ, ಅದೂ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿದೆ. ಈ ಬಿಸಿಲಲ್ಲಿ ಹೂವಿನ ತೋಟ ಆಗುತ್ತದಾ, ಇಲ್ಲಾ ಆಸೆ ಬಿಡಬೇಕಾ?

ಉತ್ತರ: ಆಗುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಕೈಗುಣದ ದೋಷ ಅಲ್ಲ. ಗಿಡದ ಆಯ್ಕೆ, ನೆಟ್ಟ ಜಾಗ, ನೆಟ್ಟ ತಿಂಗಳು, ಈ ಮೂರೂ ಒಟ್ಟಿಗೆ ತಪ್ಪಿವೆ. ಬಿಸಿಲು ಮಾತ್ರ ನಿಮ್ಮ ಆಸ್ತಿ. ಹೂವಿಗೆ ಬೇಕಾದ ಶಕ್ತಿ ಬರುವುದೇ ಅದರಿಂದ. ನೆರಳಿನ ಅಂಗಳದವರು ಒಂದು ದಾಸವಾಳದ ಮೊಗ್ಗಿಗೆ ವಾರಗಟ್ಟಲೆ ಕಾಯುವುದನ್ನು ನಾನು ನೋಡಿದ್ದೇನೆ.

ಮೊದಲು ‘ಫುಲ್ ಸನ್’ ವಿಷಯ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕಾದ ಗಿಡ ಎಂಬುದಷ್ಟೇ ಇದರ ಅರ್ಥ. ಯಾವ ಆರು ಗಂಟೆ, ಯಾವ ಊರಿನ ಬಿಸಿಲು ಎಂದು ಆ ಚೀಟಿ ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಅದರ ಅರ್ಧದಷ್ಟು ಎತ್ತರದಲ್ಲಿ. ಅಲ್ಲಿ ಬೇಸಿಗೆಯಲ್ಲಿ 35 ಡಿಗ್ರಿ ಆದರೆ ಜನ ಸೆಕೆ ಸೆಕೆ ಅನ್ನುತ್ತಾರೆ. ನಿಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ದಾಟುವುದು ಮಾಮೂಲು. ಪೆಟೂನಿಯಾ, ಸಾಲ್ವಿಯಾ ಕೆಟ್ಟ ಗಿಡಗಳಲ್ಲ. ನಿಮ್ಮೂರಿಗೆ ಅವು ಚಳಿಗಾಲದ ಅತಿಥಿಗಳು. ಅಕ್ಟೋಬರ್‌ನಲ್ಲಿ ನೆಟ್ಟರೆ ಫೆಬ್ರವರಿ ತನಕ ಚೆನ್ನಾಗಿ ಹೂ ಕೊಡುತ್ತವೆ, ಆಮೇಲೆ ಹೋಗುತ್ತವೆ. ನೀವು ಅವು ಹೊರಡುವ ಹೊತ್ತಿಗೆ ಕರೆತಂದಿರಿ, ಅಷ್ಟೇ.

ಈಗ ಜಾಗಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ‘ಮನೆ ಗೋಡೆಯ ಪಕ್ಕ ತಂಪಿರುತ್ತದೆ’ ಎಂಬುದು. ಬೆಳಿಗ್ಗೆ ನೋಡಿದರೆ ಹಾಗೇ ಅನ್ನಿಸುತ್ತದೆ. ಸೂರ್ಯ ಮನೆಯ ಹಿಂದೆ ಇರುತ್ತಾನೆ, ಗೋಡೆಯ ಬುಡ ನೆರಳಲ್ಲಿ ಇರುತ್ತದೆ. ಆದರೆ ಹನ್ನೆರಡೂವರೆ ಆದ ಮೇಲೆ ಅದೇ ಗೋಡೆ ಪಶ್ಚಿಮದ ಬಿಸಿಲನ್ನು ಎದೆಗೊಟ್ಟು ನಿಲ್ಲುತ್ತದೆ. ಸಂಜೆ ತನಕ ಕಾಯುತ್ತದೆ, ಕಾದ ಶಾಖವನ್ನು ರಾತ್ರಿ ಬಿಡುತ್ತದೆ. ರಾತ್ರಿ ಎಂಟಕ್ಕೆ ಗೋಡೆಗೆ ಅಂಗೈ ಇಟ್ಟು ನೋಡಿ, ಗೊತ್ತಾಗುತ್ತದೆ. ನಿಮ್ಮ ಇಡೀ ಅಂಗಳದಲ್ಲಿ ಅತಿ ಬಿಸಿಯಾದ ಜಾಗ ಅದೇ. ನಾಜೂಕಿನ ಗಿಡಗಳನ್ನೆಲ್ಲ ನೀವು ಅಲ್ಲೇ ಇಟ್ಟಿದ್ದೀರಿ.

ತಂಪು ಇರುವುದು ಕಾಂಪೌಂಡಿನ ಬುಡದಲ್ಲಿ, ಒಳಬದಿಗೆ. ಸುಮ್ನೆ ಲೆಕ್ಕ ಹಾಕೋಣ. ಕಾಂಪೌಂಡ್ ಐದಡಿ ಎತ್ತರ ಇದ್ದರೆ ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಅದರ ನೆರಳು ಸುಮಾರು ನಾಲ್ಕಡಿ ಒಳಗೆ ಬಂದಿರುತ್ತದೆ. ಐದಕ್ಕೆ ಹತ್ತಡಿ ದಾಟುತ್ತದೆ. ಅಂದರೆ ಕಾಂಪೌಂಡಿಗೆ ತಾಗಿದ ಮೂರು ಅಡಿ ಪಟ್ಟಿಗೆ ಬೆಳಿಗ್ಗೆ ಒಂಬತ್ತೂವರೆಯಿಂದ ಮೂರರ ಆಸುಪಾಸಿನ ತನಕ ಬಿಸಿಲು, ಆಮೇಲೆ ನೆರಳು. ಹೂವಿಗೆ ಸಾಕಾಗುವಷ್ಟು ಬೆಳಕು, ಇಳಿಹೊತ್ತಿನ ಉರಿಯಿಂದ ರಕ್ಷಣೆ, ಎರಡೂ ಅಲ್ಲಿ ಸಿಗುತ್ತವೆ. ನನ್ನ ಲೆಕ್ಕ ನಂಬಬೇಡಿ, ನೀವೇ ನೋಡಿ. ಒಂದು ದಿನ ಗಂಟೆಗೊಮ್ಮೆ ಹೊರಗೆ ಬಂದು ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲೋ ರಂಗೋಲಿ ಪುಡಿಯಲ್ಲೋ ಗೆರೆ ಎಳೆಯಿರಿ. ಸಂಜೆಗೆ ನಿಮ್ಮ ಅಂಗಳದ ಬಿಸಿಲಿನ ನಕ್ಷೆ ನೆಲದ ಮೇಲೇ ಬಿದ್ದಿರುತ್ತದೆ. ಯಾವ ತಜ್ಞರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು.

ಅತ್ತೆಯವರ ಮಾತು. ಎಲೆಯ ಮೇಲಿನ ನೀರ ಹನಿ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಂದೆಡೆ ಸೇರಿಸಿ ಎಲೆ ಸುಡುತ್ತದೆ ಎಂಬುದು ಬಹಳ ಹಳೆಯ ನಂಬಿಕೆ. ಹಂಗೇರಿಯ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ನಯವಾದ ಎಲೆಯ ಮೇಲೆ ಕೂತ ಹನಿ ಸುಡುವುದಿಲ್ಲ. ಹನಿಯನ್ನು ಮೇಲೆತ್ತಿ ಹಿಡಿಯುವ ಕೂದಲಿರುವ ಎಲೆಗಳಲ್ಲಿ ಮಾತ್ರ ಆ ಸಾಧ್ಯತೆ ಇದೆ. ಹಾಗಂತ ಅತ್ತೆ ಹೇಳಿದ ಅಭ್ಯಾಸ ತಪ್ಪಲ್ಲ, ಕಾರಣ ಮಾತ್ರ ಬೇರೆ. ಬೋರ್‌ವೆಲ್ಲಿನ ಗಡಸು ನೀರು ಎಲೆ ಮೇಲೆ ಒಣಗಿದರೆ ಉಪ್ಪು ಉಳಿಯುತ್ತದೆ. ಬಿಳಿ ಕಲೆಯಾಗಿ ಕಾಣುವುದು ಅದೇ. ದಿನಾ ಹೀಗಾದರೆ ಎಲೆಯ ಅಂಚು ಸುಡುತ್ತದೆ. ಇನ್ನೊಂದು, ಬಿಸಿಲಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು. ಮಧ್ಯಾಹ್ನ ನಲ್ಲಿ ತಿರುಗಿಸಿದಾಗ ಮೊದಲು ಬರುವ ನೀರನ್ನು ಕೈ ಮೇಲೆ ಬಿಟ್ಟು ನೋಡಿ. ಅದು ನೇರ ಬೇರಿಗೆ ಹೋಗುತ್ತದಲ್ವಾ? ಬೆಳಿಗ್ಗೆ ಏಳರೊಳಗೆ, ಬುಡಕ್ಕೆ, ನಿಧಾನವಾಗಿ ನೀರು ಕೊಡಿ. ಎಲೆ ತೊಳೆಯಬೇಡಿ.

ದಿನಕ್ಕೆ ಎರಡು ಸಲ ನೀರು ಎಂಬುದೇ ನನ್ನ ದೊಡ್ಡ ಚಿಂತೆ. ಹೋದ ವರ್ಷ ಒಬ್ಬರ ಮನೆಯಲ್ಲಿ ಸತ್ತ ದಾಸವಾಳವೊಂದನ್ನು ಕಿತ್ತು ನೋಡಿದೆವು. ಹಾರೆ ಹಾಕಬೇಕಾಗಲೇ ಇಲ್ಲ. ಕಾಂಡ ಹಿಡಿದು ಎತ್ತಿದರೆ ಇಡೀ ಗಿಡ ಹಾಗೇ ಕೈಗೆ ಬಂತು. ಬುಡದಲ್ಲಿ ನರ್ಸರಿ ಚೀಲದ ಆಕಾರದಲ್ಲೇ ಉಳಿದ ಕೆಮ್ಮಣ್ಣಿನ ಉಂಡೆ. ನೆಟ್ಟು ಎಂಟು ತಿಂಗಳಾಗಿದ್ದರೂ ಒಂದು ಬೇರೂ ಅದರಿಂದ ಹೊರಗೆ ಹೋಗಿರಲಿಲ್ಲ. ಉಂಡೆಯೊಳಗೇ ಸುತ್ತಿ ಸುತ್ತಿ ಹಗ್ಗದ ಹಾಗೆ ಆಗಿದ್ದವು. ಉಂಡೆಗೂ ಸುತ್ತಲಿನ ಎರೆ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಬಿರುಕು. ಮುರಿದು ನೋಡಿದರೆ ಉಂಡೆಯ ಮಧ್ಯಭಾಗ ಒಣ ಪುಡಿ. ಗುಂಡಿಯ ತಳದಲ್ಲಿ ಕೊಳೆತ ವಾಸನೆಯ ಕೆಸರು, ತಳದ ಬೇರುಗಳು ಕಪ್ಪಾಗಿ ಸಿಪ್ಪೆ ಬಿಡುತ್ತಿದ್ದವು. ಒಂದೇ ಗಿಡ ಮೇಲೆ ಬಾಯಾರಿಕೆಯಿಂದ, ಕೆಳಗೆ ನೀರು ಹೆಚ್ಚಾಗಿ ಸತ್ತಿತ್ತು.

ಎರೆ ಮಣ್ಣಿನ ಗುಣವೇ ಇದಕ್ಕೆ ಕಾರಣ. ಇದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ನೀವು ಹಾಕಿದ ನೀರು ಬಿರುಕಿನಲ್ಲಿ ಇಳಿದು ತಳ ಸೇರುತ್ತದೆ, ಬೇರಿರುವ ಉಂಡೆಗೆ ತಾಗುವುದಿಲ್ಲ. ತಳದಲ್ಲಿ ಅದು ಬಸಿದು ಹೋಗುವುದೂ ಇಲ್ಲ. ಗಿಡ ಬಾಡಿತೆಂದು ನೀವು ಇನ್ನಷ್ಟು ನೀರು ಹಾಕುತ್ತೀರಿ. ಮಧ್ಯಾಹ್ನ ಎರಡಕ್ಕೆ ಗಿಡ ಬಾಡಿದ್ದು ನೋಡಿ ನೀರು ಹಾಕಲೇಬೇಡಿ. ಆ ಹೊತ್ತಿಗೆ ಎಲೆಯಿಂದ ಹೋಗುವ ನೀರು ಬೇರು ಎಳೆಯುವುದಕ್ಕಿಂತ ಜಾಸ್ತಿ ಇರುತ್ತದೆ, ಹಾಗಾಗಿ ಒಳ್ಳೆಯ ಗಿಡವೂ ತಲೆ ಬಾಗಿಸುತ್ತದೆ. ಸಂಜೆ ಏಳಕ್ಕೆ ಎದ್ದು ನಿಂತರೆ ಅದಕ್ಕೆ ಏನೂ ಆಗಿಲ್ಲ. ಮರುದಿನ ಬೆಳಿಗ್ಗೆಯೂ ಬಾಡಿದ್ದರೆ ಮಣ್ಣಿನಲ್ಲಿ ನಾಲ್ಕು ಇಂಚು ಬೆರಳು ಇಳಿಸಿ. ಅಲ್ಲಿನ ಮಣ್ಣು ಅಂಗೈಯಲ್ಲಿ ಉಂಡೆಯಾದರೆ ತೇವ ಇದೆ, ಅಂದರೆ ಬೇರು ಕೊಳೆಯುತ್ತಿರಬಹುದು. ಪುಡಿಯಾದರೆ ನೀರು ಬೇಕು. ಬೇರೂರಿದ ಗಿಡಕ್ಕೆ ಬೇಸಿಗೆಯಲ್ಲೂ ಮೂರು-ನಾಲ್ಕು ದಿನಕ್ಕೊಮ್ಮೆ ತುಂಬ ನೀರು ಸಾಕು.

ಹಾಗಾದರೆ ನೆಡುವುದು ಹೇಗೆ? ಎರಡಡಿ ಅಗಲದ, ಒಂದೂವರೆ ಅಡಿ ಆಳದ ಗುಂಡಿ ತೋಡಿ. ತೆಗೆದ ಎರೆ ಮಣ್ಣಿಗೆ ಅಷ್ಟೇ ಕೆಮ್ಮಣ್ಣು, ಅದರ ಅರ್ಧದಷ್ಟು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ. ಒಂದಿಷ್ಟು ಮರಳು ಮಾತ್ರ ಹಾಕಿ ಬಿಡಬೇಡಿ. ಸ್ವಲ್ಪ ಮರಳು ಬೆರೆತ ಜೇಡಿ ಇನ್ನೂ ಗಟ್ಟಿಯಾಗುತ್ತದೆ. ಗಿಡವನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬದ ಮೇಲೆ ಕೂರಿಸಿ. ಆಗಸ್ಟ್-ಸೆಪ್ಟೆಂಬರ್ ಮಳೆಗೆ ನಿಮ್ಮ ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ದಿಬ್ಬ ಇದ್ದರೆ ಬೇರು ಉಸಿರಾಡುತ್ತದೆ. ನೆಡುವಾಗ ಚೀಲದ ಉಂಡೆಯ ಬದಿಗಳನ್ನು ಬೆರಳಿನಿಂದ ಕೆದಕಿ, ಸುತ್ತಿದ ಬೇರುಗಳನ್ನು ಬಿಡಿಸಿ. ಕೈ ನಡುಗುತ್ತದೆ, ಗೊತ್ತು. ಆದರೂ ಮಾಡಿ.

ಆಮೇಲೆ ಮುಚ್ಚಿಗೆ. ನಿಮ್ಮದು ತೊಗರಿಯ ನಾಡು, ತೊಗರಿ ಹೊಟ್ಟಿಗೆ ಬರವೇ? ಮೂರು ಇಂಚು ದಪ್ಪ ಹೊಟ್ಟು ಅಥವಾ ಒಣಗಿದ ಎಲೆ ಬುಡದ ಸುತ್ತ ಹರಡಿ. ಮಣ್ಣಿನ ಬಿಸಿ ಇಳಿಯುತ್ತದೆ, ಬಿರುಕು ಕಡಿಮೆಯಾಗುತ್ತದೆ. ಗೆದ್ದಲು ಬರುವ ಅಪಾಯ ಇದೆ, ಅದಕ್ಕೆ ಕಾಂಡದಿಂದ ಒಂದು ಗೇಣು ಬಿಟ್ಟು ಹಾಕಿ. ವಾರಕ್ಕೊಮ್ಮೆ ಎತ್ತಿ ನೋಡಿ.

ಗಿಡಗಳಿಗೆ ಬರುತ್ತೇನೆ.

ನಿಮ್ಮ ಜಾಗ ನನಗೆ ಸಿಕ್ಕಿದ್ದರೆ ಮೊದಲು ಮಲ್ಲಿಗೆ ನೆಡುತ್ತಿದ್ದೆ. ಬಿಸಿಲೂರಿನಲ್ಲಿ ಮಲ್ಲಿಗೆ ಬರುತ್ತದಾ ಎಂದು ಕೇಳುವವರಿಗೆ ನಾನು ಹೂವಿನಹಡಗಲಿಯ ಹೆಸರು ಹೇಳುತ್ತೇನೆ. ಊರಿನ ಹೆಸರಲ್ಲೇ ಹೂವಿದೆ. ಬಯಲುಸೀಮೆಯ ಆ ಬಿಸಿಲಲ್ಲಿ ಬೆಳೆಯುವ ಹಡಗಲಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಹಾಗೇ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮನೆಯಂಗಳಕ್ಕೆ ದುಂಡುಮಲ್ಲಿಗೆಯೂ ಒಳ್ಳೆಯದೇ. ಮಾರ್ಚ್‌ನಿಂದ ಜೂನ್ ತನಕ, ಉಳಿದ ಗಿಡ ಸೊರಗುವ ಹೊತ್ತಿಗೇ ಅದು ಮೈತುಂಬ ಬಿಡುತ್ತದೆ. ಗುಟ್ಟು ಇರುವುದು ಕತ್ತರಿಯಲ್ಲಿ. ಮೊಗ್ಗು ಬರುವುದು ಹೊಸ ಚಿಗುರಿನ ತುದಿಗೆ. ನವೆಂಬರ್ ಕೊನೆಗೆ ಇಡೀ ಪೊದೆಯನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ, ಗೊಬ್ಬರ ಕೊಡಿ. ಕತ್ತರಿಸದೆ ಬಿಟ್ಟ ಮಲ್ಲಿಗೆ ಬರೀ ಬಳ್ಳಿಯಾಗಿ ಹಬ್ಬುತ್ತದೆ, ‘ನಮ್ಮ ಗಿಡ ಹೂವೇ ಬಿಡಲ್ಲ’ ಎಂಬ ದೂರು ಬಹುಪಾಲು ಇದರಿಂದಲೇ. ಕಾಂಪೌಂಡಿನ ಬುಡದಲ್ಲಿ ನಾಲ್ಕಡಿಗೊಂದರಂತೆ ಮೂರು ಗಿಡ ಸಾಕು.

ಅದರ ಸಾಲಿನಲ್ಲೇ ದಾಸವಾಳ, ನಂದಿಬಟ್ಟಲು. ದಾಸವಾಳದಲ್ಲಿ ಐದೆಸಳಿನ ನಾಟಿ ಕೆಂಪು ತಗೊಳ್ಳಿ. ತಟ್ಟೆಯಗಲದ ಹೈಬ್ರಿಡ್ ಹೂ ನೋಡಲು ಚೆಂದ, ಆದರೆ ನಿಮ್ಮ ಮೇ ತಿಂಗಳಿಗೆ ಅವು ಮೊಗ್ಗಿನಲ್ಲೇ ಉದುರುವುದು ಜಾಸ್ತಿ. ನಾಟಿ ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳು ಕೂತೇ ಕೂರುತ್ತದೆ. ಚಿಗುರು ಮುದುಡಿದ್ದು ಕಂಡ ದಿನವೇ ಆ ತುದಿ ಮುರಿದು ಹಾಕಿ, ಉಳಿದದ್ದಕ್ಕೆ ಜೋರಾಗಿ ನೀರು ಹಾಯಿಸಿ. ಆಮೇಲೂ ಉಳಿದರೆ ಬೇವಿನೆಣ್ಣೆ, ಸಂಜೆ ಹೊತ್ತು ಮಾತ್ರ. ನಂದಿಬಟ್ಟಲಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ನೆಡಿ, ಬೇರೂರುವ ತನಕ ನೋಡಿಕೊಳ್ಳಿ, ಪೂಜೆಗೆ ಬಿಳಿ ಹೂ ಕೊಡುತ್ತಲೇ ಇರುತ್ತದೆ. ಮುರಿದಾಗ ಬರುವ ಹಾಲು ಮಗುವಿನ ಕಣ್ಣಿಗೆ, ಬಾಯಿಗೆ ತಾಗದಿರಲಿ.

ಮನೆ ಗೋಡೆಯ ಪಕ್ಕದ ಕಾದ ಪಟ್ಟಿಗೆ ಎರಡು ದಾರಿ ಇವೆ. ಒಂದು ಕಾಗದದ ಹೂ, ಅದೇ ಬೋಗನ್‌ವಿಲ್ಲಾ. ನಾವು ಹೂ ಅನ್ನುವ ಬಣ್ಣದ ಭಾಗ ಅದರ ಎಲೆಯ ರೂಪವೇ. ನಿಜವಾದ ಹೂ ಒಳಗಿನ ಸಣ್ಣ ಬಿಳಿ ಕೊಳವೆ. ನೀರು ಕಡಿಮೆಯಾದಷ್ಟೂ ಬಣ್ಣ ಜಾಸ್ತಿ, ಮುದ್ದು ಮಾಡಿದರೆ ಬರೀ ಎಲೆ. ಮುಳ್ಳಿದೆ, ಹಾಗಾಗಿ ಮಗು ಓಡಾಡುವ ಬಾಗಿಲ ಹತ್ತಿರ ಬೇಡ, ಮೂಲೆಗೆ ಇರಲಿ. ಇನ್ನೊಂದು ದಾರಿ, ನೆಲಕ್ಕೆ ಅಂಟಿದ ಟೇಬಲ್ ರೋಸ್. ಅದರ ದಪ್ಪ ಎಲೆಯಲ್ಲೇ ನೀರಿನ ದಾಸ್ತಾನು ಇದೆ. ಬಿಸಿಲಿಲ್ಲದಿದ್ದರೆ ಅದು ಹೂ ಬಿಚ್ಚುವುದೇ ಇಲ್ಲ. ಒಂದು ಬೆರಳುದ್ದದ ಕಡ್ಡಿ ಚುಚ್ಚಿದರೆ ಬೇರು ಬರುತ್ತದೆ. ನಿಮ್ಮ ಮೊಮ್ಮಗಳ ಕೈಯಲ್ಲೇ ಚುಚ್ಚಿಸಿ.

ಕಣಗಿಲೆ ವಿಷಯದಲ್ಲಿ ಪಕ್ಕದವರು ಅರ್ಧ ಸತ್ಯ ಹೇಳಿದ್ದಾರೆ. ಬಿಸಿಲು, ಬರ, ಗಡಸು ನೀರು ಯಾವುದಕ್ಕೂ ಅದು ಜಗ್ಗುವುದಿಲ್ಲ. ಹೆದ್ದಾರಿಗಳ ನಡುಪಟ್ಟಿಯಲ್ಲಿ ಅದನ್ನೇ ನೆಡುವುದು ಇದಕ್ಕೇ. ಆದರೆ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವಂಥ ವಿಷ. ಒಣಗಿದ ಎಲೆಯಲ್ಲೂ ಅದು ಉಳಿದಿರುತ್ತದೆ. ಕತ್ತರಿಸಿ ಬೀದಿಗೆ ಹಾಕಿದ ಕೊಂಬೆಯನ್ನು ಆಡೋ ದನವೋ ತಿಂದರೆ ಸಾಯುತ್ತದೆ. ಸುಟ್ಟರೆ ಹೊಗೆಯೂ ಕೆಟ್ಟದ್ದು. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಎರಡು ವರ್ಷದ ಮಗು ಇರುವ ಮನೆಗೆ ನಾನು ಕಣಗಿಲೆ ಕೊಡುವುದಿಲ್ಲ. ಮಗು ದೊಡ್ಡದಾದ ಮೇಲೆ ನೋಡೋಣ. ಇದೇ ಮಾತು ಕಾಶಿ ಕಣಗಿಲೆಗೂ, ಅಂದರೆ ನಿತ್ಯಪುಷ್ಪಕ್ಕೂ ಬರುತ್ತದೆ. ಬಿಸಿಲಿಗೆ ಬಹಳ ಗಟ್ಟಿ. ಕ್ಯಾನ್ಸರಿನ ಔಷಧಿ ಅದರಿಂದಲೇ ಬಂದದ್ದು. ಆದರೆ ತಿಂದರೆ ಅದೂ ವಿಷವೇ. ಎತ್ತರದ ಕುಂಡದಲ್ಲಿಟ್ಟು ಬೆಳೆಸಬಹುದು.

ಕೇಪಳ ಸತ್ತದ್ದಕ್ಕೆ ಬೇಸರ ಬೇಡ. ಅದು ಕರಾವಳಿಯ ಹುಳಿ ಗುಣದ ಕೆಂಪು ಮಣ್ಣಿನ ಗಿಡ. ನಿಮ್ಮದು ಸುಣ್ಣದ ಅಂಶ ತುಂಬಿದ ಮಣ್ಣು, ಮೇಲಿಂದ ಗಡಸು ನೀರು. ಅಂಥ ಕಡೆ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ದಾಸವಾಳದಲ್ಲೂ ಹೀಗೆ ಕಂಡರೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಜತೆಗೆ 1 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು-ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಗೋಡೆಗೆ, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಹುಷಾರು. ಮೊಟ್ಟೆಚಿಪ್ಪಿನ ಪುಡಿ ಹಾಕಿ ಎಂದು ಎಲ್ಲೆಡೆ ಹೇಳುತ್ತಾರೆ. ಚಿಪ್ಪು ಅಂದರೆ ಸುಣ್ಣ. ನಿಮ್ಮ ಮಣ್ಣಿಗೆ ಅದು ಬೇಡವೇ ಬೇಡ. ಒಂದು ಡ್ರಮ್ ಇಟ್ಟು ಮಳೆನೀರು ಹಿಡಿದು ಕುಂಡಗಳಿಗೆ ಅದನ್ನೇ ಹಾಕಿ, ಅದರಿಂದ ಆಗುವ ಉಪಕಾರ ದೊಡ್ಡದು.

ಕನಕಾಂಬರ ಬೇಕೇ ಬೇಕು ಅಂದರೆ ದಾಸವಾಳ ಎದೆಯೆತ್ತರ ಬೆಳೆದ ಮೇಲೆ ಅದರ ಪೂರ್ವಕ್ಕೆ, ಅರೆನೆರಳಲ್ಲಿ ನೆಡಿ. ಗುಲಾಬಿ ನಿಮ್ಮಲ್ಲಿ ಅಕ್ಟೋಬರ್‌ನಿಂದ ಮಾರ್ಚ್ ತನಕ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ಅದರಿಂದ ಹೂ ಕೇಳಬೇಡಿ, ಜೀವ ಉಳಿಸಿಕೊಂಡರೆ ಸಾಕು. ಕುಂಡದಲ್ಲಿದ್ದರೆ ಕಪ್ಪು ಪ್ಲಾಸ್ಟಿಕ್ ಬೇಡ. ಬಿಸಿಲಿಗೆ ಒಳಗಿನ ಮಣ್ಣು ಬೇರು ಬೇಯುವಷ್ಟು ಕಾಯುತ್ತದೆ. ಮಣ್ಣಿನ ಕುಂಡಕ್ಕೆ ಹೊರಗೆ ಸುಣ್ಣ ಬಳಿದು ಇಡಿ.

ಹಬ್ಬಕ್ಕೆ ಚೆಂಡು ಹೂ ಬೇಕಾದರೆ ದಸರೆಗೆ ಎರಡೂವರೆ ತಿಂಗಳು ಮೊದಲು ಬೀಜ ಹಾಕಿ. ಸೇವಂತಿಗೆ ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಗಿಡ. ರಾತ್ರಿಯಿಡೀ ಬೀದಿದೀಪದ ಬೆಳಕು ಬೀಳುವ ಕಡೆ ನೆಟ್ಟರೆ ಅದಕ್ಕೆ ಹಗಲು ಮುಗಿದದ್ದೇ ತಿಳಿಯುವುದಿಲ್ಲ, ಹೂ ತಡವಾಗುತ್ತದೆ. ನಿಮ್ಮ ಗೇಟಿನ ಬಳಿ ದೀಪ ಇದ್ದರೆ ಅಲ್ಲಿ ಬೇಡ.

ಕೊನೆಗೆ ತಿಂಗಳ ಮಾತು. ಈಗ ಏಪ್ರಿಲ್. ಒಂದು ಗಿಡವನ್ನೂ ಕೊಳ್ಳಬೇಡಿ. ನರ್ಸರಿಯಲ್ಲಿ ಹಸಿರು ಬಲೆಯ ಕೆಳಗೆ ಹೂ ಬಿಟ್ಟು ನಿಂತ ಗಿಡ ನೋಡಿದರೆ ಮನಸ್ಸು ತಡೆಯುವುದಿಲ್ಲ, ಆದರೂ ತಡೆಯಿರಿ. ಆ ನೆರಳಿನಿಂದ ನೇರ ನಿಮ್ಮ ಬಿಸಿಲಿಗೆ ಬಂದರೆ ಎಷ್ಟೇ ಗಟ್ಟಿ ಗಿಡವೂ ನಡುಗುತ್ತದೆ. ಈಗ ಗುಂಡಿ ತೋಡಿ ಬಿಸಿಲಿಗೆ ಬಿಡಿ. ರೋಹಿಣಿ ಮಳೆಯ ಹೊತ್ತಿಗೆ ಮಣ್ಣು, ಗೊಬ್ಬರ ಬೆರೆಸಿ ತುಂಬಿ. ಮೃಗಶಿರಾ ಅಥವಾ ಆರಿದ್ರಾ ಮಳೆ ಬಿದ್ದು ನೆಲ ತಣಿದ ಮೇಲೆ ನೆಡಿ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಬೇರಿಗೆ ಒಂಬತ್ತು ತಿಂಗಳು ಸಿಕ್ಕಿರುತ್ತದೆ. ಆ ಮೊದಲ ಬೇಸಿಗೆಯಲ್ಲಿ ಮಾತ್ರ ಮಧ್ಯಾಹ್ನಕ್ಕೆ ನೆರಳು ಬಲೆ ಕಟ್ಟಿ, ಶೇಕಡಾ 50ರದ್ದು. ವರ್ಷವಿಡೀ ಕಟ್ಟಿದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಉಳಿದಿರುವ ಆ ದಾಸವಾಳವನ್ನು ಕೀಳಬೇಡಿ. ಕಾಂಡದ ಬುಡದ ಹತ್ತಿರ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಕಂದು ಇದ್ದರೆ ಹೋಯಿತು. ಹಸಿರು ಕಂಡರೆ ಜೀವ ಇದೆ. ಈ ಬಿಸಿಲಲ್ಲಿ ಕತ್ತರಿ ಹಾಕಬೇಡಿ, ಗೊಬ್ಬರವೂ ಬೇಡ. ಬುಡಕ್ಕೆ ಹೊಟ್ಟು ಹೊದಿಸಿ, ಪಶ್ಚಿಮದ ಕಡೆಗೆ ಒಂದು ಹಳೆ ಗೋಣಿಚೀಲ ಮರೆ ಕಟ್ಟಿ, ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಒಂದು ಬಕೆಟ್ ನೀರು ಹಾಕಿ. ಮೊದಲ ಮಳೆ ಬಿದ್ದ ವಾರ ಒಣಗಿದ ತುದಿಗಳನ್ನು ಹಸಿರು ಸಿಗುವ ತನಕ ಕತ್ತರಿಸಿ. ಚಿಗುರು ಬಂದಾಗ ನನಗೆ ತಿಳಿಸಿ.